ಮೂರನೇ ಮಹಡಿಯ ಕಡಲತೀರ

ಆಗಸ್ಟ್ ತಿಂಗಳ ಕೊನೆಯ ಮಂಗಳವಾರ. ಮೊಂಟೆವಿಡಿಯೊದಲ್ಲಿ ಅದು ಚಳಿಗಾಲ, ಬಂದರಿನ ಕಡೆಯಿಂದ ಕಿವಿ ಕೊಯ್ಯುವಂಥ ಗಾಳಿ ಬೀಸುತ್ತಿತ್ತು. ನಿಬಿಯಾ ತೆಚೆರಾ ಮೇಲಂಗಿಯನ್ನೂ ಕಳಚದೆ ಒಂದು ಮರಳ ದಿಬ್ಬದ ಮೇಲೆ ಕೂತು ವಾಹನ ವಿಮೆಯ ಅಂಕಿಅಂಶ ತಯಾರಿಸುತ್ತಿದ್ದಳು. ದಿಬ್ಬವೆಂದರೆ ಮರಳಿನ ಬಣ್ಣದ ಬಟ್ಟೆಯೊಳಗೆ ಥರ್ಮಾಕೋಲಿನ ಕಾಳು ತುಂಬಿದ ದೊಡ್ಡ ಮೂಟೆ. ಕೂತರೆ ಸೊಂಟ ಒಳಗಿಳಿಯುತ್ತಿತ್ತು, ಮಂಡಿ ಗಲ್ಲಕ್ಕೆ ಬರುತ್ತಿತ್ತು. ಐವತ್ತನಾಲ್ಕರ ವಯಸ್ಸಿನಲ್ಲಿ ಅದರಿಂದ ಏಳಲು ಎರಡೇ ದಾರಿ. ಯಾರಾದರೂ ಕೈ ಹಿಡಿದು ಎಳೆಯಬೇಕು, ಇಲ್ಲವೇ ಪಕ್ಕಕ್ಕೆ ಉರುಳಿ ನೆಲಕ್ಕೆ ಕೈಯೂರಿ ಏಳಬೇಕು. ನಿಬಿಯಾ ಎರಡನ್ನೂ ಹಲವು ಸಲ ಪ್ರಯೋಗಿಸಿ ನೋಡಿದ್ದಳು. ಎರಡನೆಯದಕ್ಕೆ ಸರಾಸರಿ ಹನ್ನೊಂದು ಸೆಕೆಂಡು ಹಿಡಿಯುತ್ತಿತ್ತು.

ಈ ಕಡಲತೀರ ಮೇ ತಿಂಗಳ ಕೊನೆಯಲ್ಲಿ ಬಂದದ್ದು. ಅದಕ್ಕೆ ಮುಂಚೆ ವಿಮಾ ಕಂಪನಿಯ ಮೂರನೇ ಮಹಡಿಯಲ್ಲಿ ಅರವತ್ತು ಜನರಿಗೆ ಅರವತ್ತು ಮರದ ಮೇಜುಗಳಿದ್ದವು. ಕಂಪನಿಯ ಮುಖ್ಯಸ್ಥ ಗಸ್ತೋನ್ ಎತ್ಚೆವೆರಿ ಯಾವುದೋ ಸಮ್ಮೇಳನಕ್ಕೆ ಹೋಗಿಬಂದ ಮೇಲೆ, ಒಬ್ಬರಿಗೆ ಒಂದು ಮೇಜು ಎನ್ನುವುದು ಹಿಂದುಳಿದ ಕಲ್ಪನೆ ಎಂದು ಗೊತ್ತಾಯಿತು. ಕೆಲವರು ಮನೆಯಿಂದ ಕೆಲಸ ಮಾಡಲಿ, ಕೆಲವರು ಬರಲಿ. ಬಂದವರು ಸಿಕ್ಕಲ್ಲಿ ಕೂರಲಿ. ವಾಸ್ತುಶಿಲ್ಪಿ ಫೆದೆರಿಕಾ ಲಾನ್ಸಾ ಬಂದಳು. ಮೂವತ್ತನಾಲ್ಕರ ಚುರುಕು ಹೆಂಗಸು, ಕಪ್ಪು ಚೌಕಟ್ಟಿನ ಕನ್ನಡಕ, ಬಾಯಲ್ಲಿ ಸದಾ 'ಅನುಭವ' ಎಂಬ ಮಾತು. ಈ ದೇಶದ ಜನ ನಿಜವಾಗಿ ಸುಖವಾಗಿರುವುದು ಜನವರಿಯ ಬೇಸಿಗೆಯಲ್ಲಿ, ಕಡಲತೀರದಲ್ಲಿ. ಆದ್ದರಿಂದ ಕಚೇರಿ ಕಡಲತೀರವಾಗಬೇಕು ಎಂದಳು.

ಹಾಗೆಯೇ ಆಯಿತು. ಮೇಜುಗಳೆಲ್ಲ ನೆಲಮಾಳಿಗೆಗೆ ಇಳಿದವು. ಅರವತ್ತು ಜನರಿಗೆ ನಲವತ್ತೆರಡು ಆಸನ ಬಂದವು: ದಿಬ್ಬಗಳು, ಪಟ್ಟೆಪಟ್ಟೆ ಬಟ್ಟೆಯ ಒರಗು ಕುರ್ಚಿಗಳು, ಮಗುಚಿಹಾಕಿದ ದೋಣಿಯಂಥ ಉದ್ದ ಹಲಗೆಗಳು. ಸಭೆ ನಡೆಸಲು ಈಜುಗಾರರ ಕಾವಲು ಗೋಪುರ, ಅದಕ್ಕೆ ಏಣಿ. ಕಿಟಕಿಯಿಂದ ನಿಜವಾದ ನೀರು ಕಾಣುತ್ತಿತ್ತು, ಆದರೆ ನದಿ ಬಂದು ಸೇರುವ ಕಡೆಯಾದ್ದರಿಂದ ಅದರ ಬಣ್ಣ ಹಾಲು ಹಾಕಿದ ಚಹಾದಂತೆ. ಫೆದೆರಿಕಾ ಎರಡು ದಿನ ಅದನ್ನೇ ನೋಡಿ ಬೇಸರಪಟ್ಟು, ಕಿಟಕಿಯ ಮುಂದೆ ನೀಲಿ ಸಮುದ್ರದ ಚಿತ್ರವಿದ್ದ ಹಲಗೆ ನಿಲ್ಲಿಸಿದಳು. ಸ್ಪೀಕರಿನಿಂದ ಇಡೀ ದಿನ ಅಲೆಗಳ ಸದ್ದು. ಅದನ್ನು ಕೇಳಿ ಜನ ದಿನಕ್ಕೆ ಎರಡು ಸಲ ಹೆಚ್ಚಿಗೆ ಬಚ್ಚಲಿಗೆ ಹೋಗತೊಡಗಿದರು. ಹನ್ನೊಂದು ನಿಮಿಷಕ್ಕೊಮ್ಮೆ ಕಡಲಹಕ್ಕಿ ಕೂಗುತ್ತಿತ್ತು.

ಹಕ್ಕಿಯಿಂದ ಮೊದಲು ಏಟು ತಿಂದವಳು ಗ್ರಾಹಕರ ಫೋನು ತೆಗೆದುಕೊಳ್ಳುವ ಮಿರ್ತಾ. ಇಪ್ಪತ್ತೆರಡು ವರ್ಷ ನಿಬಿಯಾಳ ಎಡಗಡೆ ಮೇಜಿನಲ್ಲಿ ಕೂತವಳು. ಜೂನಿನ ಮೊದಲ ವಾರ ಯಾರೋ ಕಾರು ಕಳವಾಯಿತೆಂದು ಅಳುತ್ತ ಫೋನು ಮಾಡಿದ ಹೊತ್ತಿಗೇ ಹಕ್ಕಿ ಕೂಗಿತು.

"ಅವ್ನು ಏನಂದ ಗೊತ್ತೇನೆ?" ಎಂದು ಮಿರ್ತಾ ಆ ದಿನ ನಿಬಿಯಾಳ ಮುಂದೆ ಹೇಳಿಕೊಂಡಿದ್ದಳು. "'ಅಮ್ಮಾ ತಾಯಿ, ನಾನಿಲ್ಲಿ ಕಾರು ಕಳ್ಕೊಂಡು ಸಾಯ್ತಿದ್ದೀನಿ, ನೀವು ಬೀಚಲ್ಲಿ ಬಿಸಿಲು ಕಾಯಿಸ್ತಿದ್ದೀರಾ' ಅಂದ. ನಾನು ಏನ್ ಹೇಳ್ಲಿ? ಇಲ್ಲಪ್ಪಾ, ಕಾಲಿಗೆ ಎರಡು ಜೊತೆ ಕಾಲ್ಚೀಲ ಹಾಕ್ಕೊಂಡಿದ್ದೀನಿ ಅನ್ಲಾ?"

ಬಲಗಡೆಯ ಮೇಜಿನವನು ಎಲ್ಬಿಯೊ ಬೆರೂತಿ. ಅರವತ್ತೊಂದರ ವಿಧುರ, ಅಪಘಾತಗಳ ವಿಭಾಗದವನು. ಮೂವರೂ ಮೇಜುಗಳನ್ನು ಒತ್ತಟ್ಟಿಗೆ ಜೋಡಿಸಿಕೊಂಡು, ನಡುವೆ ಒಂದು ಸೋರೆಬುರುಡೆ ಇಟ್ಟುಕೊಂಡು, ಇಪ್ಪತ್ತೆರಡು ವರ್ಷ ಒಂದೇ ಕೊಳವೆಯಿಂದ ಮಾಟೆ ಹೀರಿದವರು. ಈ ಊರಿನಲ್ಲಿ ಆ ಬಿಸಿ ಸೊಪ್ಪಿನ ಕಷಾಯವಿಲ್ಲದೆ ಯಾರೂ ಬಸ್ಸನ್ನೂ ಹತ್ತುವುದಿಲ್ಲ; ಬುರುಡೆ ಕೈಯಲ್ಲಿ, ಬಿಸಿನೀರಿನ ಫ್ಲಾಸ್ಕು ಕಂಕುಳಲ್ಲಿ. ಕಡಲತೀರ ಬಂದ ಮೇಲೆ ಆ ಮೂವರಿಗೆ ಒಂದು ದಿನವೂ ಒಟ್ಟಿಗೆ ಜಾಗ ಸಿಗಲಿಲ್ಲ. ಎರಡು ತಿಂಗಳಿಗೂ ಹೆಚ್ಚು ಕಾಲದಿಂದ ಮಿರ್ತಾ, ಎಲ್ಬಿಯೊ ಇಬ್ಬರೂ ಬೆಳಗ್ಗೆ ಮುಖ ತೋರಿಸಿ ಆಮೇಲೆ ಕಾಣಿಸುತ್ತಲೇ ಇರಲಿಲ್ಲ. ಗೋಪುರದ ಆಚೆ ಎಲ್ಲೋ ಕೂತಿರಬೇಕು ಎಂದುಕೊಂಡು ನಿಬಿಯಾ ಒಬ್ಬಳೇ ಹೀರುತ್ತಿದ್ದಳು.

ಈಗ ಅವಳ ತೊಡೆಯ ಮೇಲಿದ್ದದ್ದು ವಾಹನ ವಿಮೆಗಿಂತ ಭಾರವಾದ ಲೆಕ್ಕ. ಕಂಪನಿಯ ಅಂಕಿಅಂಶ ನೋಡುವವಳು ಅವಳೇ ಆದ್ದರಿಂದ, ಮೂರು ತಿಂಗಳ ಈ ಪ್ರಯೋಗದ ವರದಿಗೂ ಅವಳೇ ಸಹಿ ಹಾಕಬೇಕಿತ್ತು. ಗಸ್ತೋನ್ ಇಟ್ಟಿದ್ದ ನಿಯಮ ಸರಳ. ಆಸನಗಳು ಸರಾಸರಿ ಶೇಕಡಾ ಎಂಬತ್ತಕ್ಕಿಂತ ಹೆಚ್ಚು ತುಂಬಿದ್ದರೆ ಕಡಲತೀರ ಶಾಶ್ವತ, ಹಳೆಯ ಮೇಜುಗಳು ಸೋಮವಾರ ಹರಾಜಿಗೆ. ಐವತ್ತಕ್ಕಿಂತ ಕಡಿಮೆಯಾದರೆ ಮಹಡಿಗೇ ಬೀಗ, ಎಲ್ಲರೂ ಮನೆಯಿಂದಲೇ ಕೆಲಸ. ನಡುವೆ ಬಂದರೆ ಏನು ಎಂದು ಅವನು ಯೋಚಿಸಿರಲಿಲ್ಲ.

ತುಂಬಿದೆಯೋ ಇಲ್ಲವೋ ಎಂದು ಹೇಳುವುದು ಪ್ರತಿ ಆಸನದ ಮೇಲೆ ಚಾವಣಿಗೆ ಅಂಟಿಸಿದ, ಬೆಂಕಿಪೊಟ್ಟಣದಷ್ಟಿದ್ದ ಬಿಳಿ ಪೆಟ್ಟಿಗೆಯ ಕೆಲಸ. ಅದು ಮುಖ ನೋಡುವುದಿಲ್ಲ, ಶಾಖ ನೋಡುತ್ತದೆ. ಕೆಳಗೆ ಮನುಷ್ಯನಿದ್ದರೆ ಕೆಂಪು ದೀಪ. ಎದ್ದುಹೋಗಿ ಇಪ್ಪತ್ತು ನಿಮಿಷವಾದರೆ ಹಸಿರು. ಆಸನ ಬೇರೆಯವರ ಪಾಲು, ಬೆಳಗ್ಗೆ ಅದನ್ನು ತನ್ನ ಹೆಸರಿಗೆ ಬರೆಸಿಕೊಂಡವನ ಆ ದಿನದ ಹಾಜರಿಯೂ ರದ್ದು.

ಪೆಟ್ಟಿಗೆಗಳು ಕೊಟ್ಟ ಸರಾಸರಿ ಶೇಕಡಾ ತೊಂಬತ್ತು.

ನಿಬಿಯಾಳಿಗೆ ಅನುಮಾನ ಹುಟ್ಟಿದ್ದು ಆ ಸಂಖ್ಯೆ ದೊಡ್ಡದೆಂದಲ್ಲ, ಅದು ಅಲುಗುತ್ತಿರಲಿಲ್ಲವೆಂದು. ಬೆಳಗ್ಗೆ ಹತ್ತಕ್ಕೂ ತೊಂಬತ್ತು, ಮಧ್ಯಾಹ್ನ ಒಂದಕ್ಕೂ ತೊಂಬತ್ತು. ಮನುಷ್ಯರು ಹಾಗಿರುವುದಿಲ್ಲ. ಮನುಷ್ಯರು ಊಟಕ್ಕೆ ಹೋಗುತ್ತಾರೆ.

ಅವಳು ಪಕ್ಕಕ್ಕೆ ಉರುಳಿ ಎದ್ದು ನಿಂತು, ಮೂರು ತಿಂಗಳಲ್ಲಿ ಯಾರೂ ಮಾಡದ ಕೆಲಸ ಮಾಡಿದಳು: ಬೆರಳಿನಿಂದ ತಲೆ ಎಣಿಸಿದಳು. ಹದಿನಾಲ್ಕು. ಕೆಲಸಕ್ಕೆ ಹೊಸದಾಗಿ ಸೇರಿದವರು, ಗಸ್ತೋನನ ಕಣ್ಣಿಗೆ ಬೀಳಲೇಬೇಕಾದ ವಿಭಾಗದ ಮುಖ್ಯಸ್ಥರು, ಮತ್ತು ಅವಳು. ಇನ್ನು ಇಪ್ಪತ್ತನಾಲ್ಕು ಆಸನಗಳ ಮೇಲೆ ಮನುಷ್ಯರಿರಲಿಲ್ಲ, ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ಪ್ರತಿಯೊಂದರ ಮೇಲೂ ಒಂದು ಸೋರೆಬುರುಡೆ, ಅದರೊಳಗೆ ಹಬೆಯಾಡುವ ಮಾಟೆ.

ಕುರ್ಚಿಯ ಮೇಲೆ ಮಾಟೆ ಇದ್ದರೆ ಅದರ ಒಡೆಯ ಈಗಷ್ಟೇ ಎದ್ದುಹೋಗಿದ್ದಾನೆ, ಈಗಲೇ ಬರುತ್ತಾನೆ ಎಂದು ಈ ಊರಿನ ಯಾರೂ ಅದನ್ನು ಎರಡನೇ ಸಲ ನೋಡುವುದಿಲ್ಲ. ನಿಬಿಯಾ ಕೂಡ ನೋಡಿರಲಿಲ್ಲ. ಈಗ ತನ್ನ ಬುರುಡೆಗೆ ನೀರು ಹಾಕಿ ಖಾಲಿ ಒರಗು ಕುರ್ಚಿಯೊಂದರ ಮೇಲಿಟ್ಟು ದೂರ ಸರಿದಳು. ಹಸಿರು ದೀಪ ಕೆಂಪಾಯಿತು. ಹಾಗೇ ಮೂವತ್ತೆರಡು ನಿಮಿಷ ಉರಿದು ಮತ್ತೆ ಹಸಿರಾಯಿತು.

ಕಾರಣ ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಗ್ಗದ ಪೆಟ್ಟಿಗೆಗೆ ಸೂಕ್ಷ್ಮ ದೃಷ್ಟಿಯಿಲ್ಲ. ಅದು ತನ್ನ ಕೆಳಗಿನ ಜಾಗವನ್ನು ಕೆಲವೇ ಚೌಕಗಳಾಗಿ ಭಾಗಮಾಡಿ, ಒಂದೊಂದು ಚೌಕದ ಸರಾಸರಿ ಶಾಖವನ್ನಷ್ಟೇ ತಿಳಿಯುತ್ತದೆ. ಚೌಕದ ತುಂಬ ಹರಡಿದ ಬೆಚ್ಚನೆಯ ತಲೆ, ಚೌಕದ ಮೂಲೆಯಲ್ಲಿರುವ ಸುಡುಸುಡುವ ಬುರುಡೆಯ ಬಾಯಿ, ಎರಡರ ಸರಾಸರಿಯೂ ಒಂದೇ. ಬುರುಡೆ ತಣ್ಣಗಾಗಲು ಹನ್ನೆರಡು ನಿಮಿಷ, ಆಮೇಲೆ ಇಪ್ಪತ್ತು ನಿಮಿಷದ ರಿಯಾಯಿತಿ. ಈ ಪೆಟ್ಟಿಗೆ ತಯಾರಿಸಿದ ದೇಶದಲ್ಲಿ ಜನ ಕಷಾಯವನ್ನು ಮುಚ್ಚಳದ ಲೋಟದಲ್ಲಿ ಕುಡಿಯುತ್ತಿರಬೇಕು.

ಅಂದರೆ ಅರ್ಧ ಗಂಟೆಗೊಮ್ಮೆ ಯಾರೋ ಇಪ್ಪತ್ತನಾಲ್ಕು ಬುರುಡೆಗಳಿಗೂ ನೀರು ಹಾಕುತ್ತಿದ್ದಾರೆ. ನಿಬಿಯಾ ಸ್ನಾನದ ಗುಡಾರದಂತಿದ್ದ ಫೋನುಗೂಡಿನೊಳಗೆ ನಿಂತು, ಪರದೆ ಸರಿಸಿ ಕಾದಳು.

ಎಲ್ಬಿಯೊ ಬಂದ. ಎರಡು ಕಂಕುಳಲ್ಲೂ ಒಂದೊಂದು ಫ್ಲಾಸ್ಕು. ದೇವಸ್ಥಾನದಲ್ಲಿ ತೀರ್ಥ ಕೊಡುವವರ ಗಾಂಭೀರ್ಯದಲ್ಲಿ ಆಸನದಿಂದ ಆಸನಕ್ಕೆ ನಡೆಯುತ್ತ, ಒಂದೊಂದು ಬುರುಡೆಗೂ ಸೊಪ್ಪು ಕದಡದ ಹಾಗೆ ಅಂಚಿನಲ್ಲಿ ನೀರು ಬಿಡುತ್ತಿದ್ದ.

"ಏನ್ ಮಾಡ್ತಿದ್ದೀಯೋ ಎಲ್ಬಿಯೊ?"

ಅವನ ಕೈ ಅಲುಗಿ ನೀರು ದಿಬ್ಬದ ಮೇಲೆ ಚೆಲ್ಲಿತು. "ಅಯ್ಯೋ ನಿನ್ನ! ಗುಡಾರದಿಂದ ಹೀಗಾ ಎಗರೋದು? ಗಿಡಕ್ಕೆ ನೀರು ಹಾಕ್ತಿದ್ದೆ."

"ಇದು ಗಿಡಾನಾ?"

"ಸೊಪ್ಪಂತೂ ಹೌದು."

"ಜನ ಎಲ್ಲೋ?"

ಎಲ್ಬಿಯೊ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ, ಮತ್ತೆ ಬಿಚ್ಚಿದ, ಮತ್ತೆ ತಿರುಗಿಸಿದ. "ಇನ್ನು ಆರು ಉಳಿದಿದೆ ನಿಬಿಯಾ. ಅದೊಂದು ಮುಗಿಸ್ತೀನಿ, ಆಮೇಲೆ ಬಾ. ಇಲ್ಲಾಂದ್ರೆ ಪಾಪ ಆ ಲೆಕ್ಕಪತ್ರದ ಹುಡುಗಿ ಹಾಜರಿ ಹೋಗುತ್ತೆ."

ಅವನ ಹಿಂದೆ ಅವಳು ಮೆಟ್ಟಿಲಿಳಿದಳು. ಎರಡನೇ ಮಹಡಿ, ಒಂದನೇ ಮಹಡಿ, ನೆಲಮಟ್ಟ, ಇನ್ನೂ ಕೆಳಗೆ. ನೆಲಮಾಳಿಗೆಯ ಕಬ್ಬಿಣದ ಬಾಗಿಲನ್ನು ಎಲ್ಬಿಯೊ ಭುಜದಿಂದ ತಳ್ಳಿದ.

ಹರಾಜಿಗೆ ಹೋಗಬೇಕಿದ್ದ ಮೇಜುಗಳು ರಾಶಿಯಾಗಿ ಬಿದ್ದಿರಲಿಲ್ಲ. ಸಾಲಾಗಿ ನಿಂತಿದ್ದವು, ಮೂರನೇ ಮಹಡಿಯಲ್ಲಿ ಮೊದಲು ಹೇಗಿದ್ದವೋ ಹಾಗೇ. ಬಿರುಕು ಬಿಟ್ಟ ಮೇಜು, ಕಾಲಿಗೆ ರಟ್ಟು ಮಡಿಸಿಟ್ಟ ಮೇಜು, ಒಬ್ಬೊಬ್ಬರ ಮಕ್ಕಳ ಫೋಟೋ, ಫುಟ್‌ಬಾಲ್ ತಂಡದ ಬಾವುಟ. ಇಪ್ಪತ್ತಮೂರು ಜನ ತಂತಮ್ಮ ಜಾಗದಲ್ಲಿ ಕೂತು ಸದ್ದಿಲ್ಲದೆ ಕೆಲಸ ಮಾಡುತ್ತಿದ್ದರು. ಯಾರೋ ಮೆಟ್ಟಿಲ ಸಂದಿಯಿಂದ ಇಂಟರ್‌ನೆಟ್ಟಿನ ತಂತಿ ಎಳೆದಿದ್ದರು. ನಡುವೆ ಒಂದು ಹೀಟರು. ಇಡೀ ಕಟ್ಟಡದಲ್ಲಿ ನಿಬಿಯಾ ಮೂರು ತಿಂಗಳಿಂದ ಕಂಡ ಮೊದಲ ಬೆಚ್ಚನೆಯ ಜಾಗ ಅದು.

ಮಿರ್ತಾಳ ಮೇಜು ಕಾಣಿಸಿತು. ಎಲ್ಬಿಯೊನದು ಕಾಣಿಸಿತು. ಎರಡರ ನಡುವೆ ಒಂದು ಮೇಜು ಖಾಲಿಯಿತ್ತು, ದೂಳು ಒರೆಸಿತ್ತು, ಕುರ್ಚಿಯನ್ನು ಒಳಗೆ ತಳ್ಳಿ ಇಟ್ಟಿತ್ತು. ಬಲಬದಿಯ ಅಂಚಿನಲ್ಲಿ ಬಿಸಿ ಫ್ಲಾಸ್ಕಿಟ್ಟು ಆದ ಬಿಳಿ ಉಂಗುರದ ಕಲೆ ನೋಡಿ ಅವಳಿಗೆ ಅದು ಯಾರದೆಂದು ಗೊತ್ತಾಯಿತು.

"ಎಷ್ಟು ದಿನದಿಂದ?" ಎಂದು ಕೇಳಿದಳು.

"ಜೂನ್ ಹದಿನೈದರಿಂದ," ಎಂದಳು ಮಿರ್ತಾ. ಮುಖ ನೋಡಲಿಲ್ಲ.

"ಎರಡೂವರೆ ತಿಂಗಳು. ನಾನೊಬ್ಳೇ ಮೇಲೆ ಆ ಮೂಟೆ ಮೇಲೆ ಬಿದ್ಕೊಂಡು ಹಕ್ಕಿ ಕೂಗು ಕೇಳ್ಬೇಕು. ನಂಗೆ ಒಂದು ಮಾತು ಹೇಳೋಕಾಗ್ಲಿಲ್ವಾ?"

"ಹೇಳಿದ್ರೆ ನೀನು ಬರೆದುಬಿಡ್ತಿದ್ದೆ ಕಣೇ."

"ಏನು ಬರೀತಿದ್ದೆ?"

"ಇದ್ದದ್ದನ್ನ!" ಮಿರ್ತಾ ಈಗ ತಲೆ ಎತ್ತಿದಳು. "ಒಂದು ಸಲ ದಶಾಂಶ ಆಚೀಚೆ ಆಯ್ತು ಅಂತ ಇಡೀ ಕಂಪನಿಗೆ ಕ್ಷಮಾಪಣೆ ಪತ್ರ ಕಳ್ಸಿದವಳು ನೀನು. ಗೇಟಿನ ಕಾವಲುಗಾರನಿಗೂ ಬಂದಿತ್ತು ಆ ಪತ್ರ. ಅವ್ನು ಹೆದರಿ ನನ್ ಹತ್ರ ಬಂದು, 'ಮೇಡಂ, ಇದ್ರಲ್ಲಿ ನನ್ನ ತಪ್ಪೇನಿದೆ' ಅಂತ ಕೇಳ್ದ."

ಸುತ್ತ ಯಾರೋ ನಕ್ಕರು. ನಿಬಿಯಾ ನಗಲಿಲ್ಲ.

"ನಿನ್ನ ಮೇಜು ಯಾರಿಗೂ ಕೊಟ್ಟಿಲ್ಲ," ಎಂದ ಎಲ್ಬಿಯೊ ಮೆಲ್ಲಗೆ. "ಹೀಟರಿಗೆ ಹತ್ತಿರ ಅಂತ ಮೂವರು ಕೇಳಿದ್ರು. ಕೊಡ್ಲಿಲ್ಲ."

ಅವಳು ಕುರ್ಚಿಯನ್ನು ಮುಟ್ಟಿದಳು, ಎಳೆಯಲಿಲ್ಲ. "ನಿಮಗೆ ಗೊತ್ತಾ, ನಿಮ್ಮ ಈ ಬುದ್ಧಿವಂತಿಕೆಯಿಂದ ಏನಾಗಿದೆ ಅಂತ? ತೊಂಬತ್ತು ಬಂದಿದೆ. ಕಡಲತೀರ ಗೆದ್ದಿದೆ. ಸೋಮವಾರ ಲಾರಿ ಬರುತ್ತೆ, ಈ ಮೇಜೆಲ್ಲ ಹೋಗುತ್ತೆ. ಆಮೇಲೆ ಯಾವ ನೆಲಮಾಳಿಗೆಗೆ ಓಡ್ತೀರಿ?"

ಕೀಲಿಮಣೆಗಳ ಸದ್ದು ನಿಂತಿತು. ಆಸನ ಉಳಿಸಿಕೊಳ್ಳಲು ಮಾಡಿದ ಉಪಾಯ ಮೇಜುಗಳನ್ನೇ ತಿಂದಿತ್ತೆಂದು ಅಲ್ಲಿಯವರೆಗೆ ಯಾರೂ ಕೂಡಿ ಕಳೆದು ನೋಡಿರಲಿಲ್ಲ. ವಿಮಾ ಕಂಪನಿಯಲ್ಲಿ ಅಪಾಯವನ್ನು ಎಣಿಸುವುದು ಗ್ರಾಹಕರಿಗಾಗಿ ಮಾತ್ರ.

"ಹಾಗಾದ್ರೆ ಮೇಲಿರೋ ಹದಿನಾಲ್ಕು ಜನರನ್ನಷ್ಟೇ ಎಣಿಸಿ ಮೂವತ್ತಮೂರು ಅಂತ ಬರಿ," ಎಂದಿತು ಹಿಂದಿನಿಂದ ಒಂದು ದನಿ.

"ಬರೆದ್ರೆ ಮಹಡಿಗೆ ಬೀಗ. ಎಲ್ರೂ ಮನೆಗೆ."

ಮಿರ್ತಾ ಎದೆಗೆ ಶಿಲುಬೆ ಬರೆದುಕೊಂಡಳು. ಅವಳ ಒಂದೇ ಕೋಣೆಯ ಮನೆಯಲ್ಲಿ ಮಗಳು, ಅಳಿಯ, ಮೂವರು ಮೊಮ್ಮಕ್ಕಳು, ಅಳಿಯನ ಡ್ರಮ್ಮು. "ಆ ಮನೆಯಿಂದ ಫೋನ್ ಎತ್ತಿದ್ರೆ ಜನ ಹಕ್ಕೀನೇ ವಾಸಿ ಅಂತಾರೆ," ಎಂದಳು. ಎಲ್ಬಿಯೊನ ಮನೆಯಲ್ಲಿ ಸದ್ದು ಮಾಡಲು ಯಾರೂ ಇರಲಿಲ್ಲ.

ಮುಂದಿನ ಎರಡು ದಿನ ನಿಬಿಯಾ ಎರಡು ವರದಿ ಬರೆದು ಎರಡನ್ನೂ ಅಳಿಸಿದಳು. ತೊಂಬತ್ತು ಎಂದು ಬರೆದರೆ ಪೆಟ್ಟಿಗೆ ಹೇಳಿದ್ದನ್ನೇ ಬರೆದಂತೆ, ಯಾರೂ ತಪ್ಪು ಹಿಡಿಯಲಾರರು. ಆದರೆ ಸೋರೆಬುರುಡೆಗಳನ್ನು ಸಹೋದ್ಯೋಗಿಗಳೆಂದು ತಾನು ಸಹಿ ಹಾಕಬೇಕು, ಆ ಖಾಲಿ ಮೇಜು ಲಾರಿ ಹತ್ತುವುದನ್ನು ನೋಡಬೇಕು. ಮೂವತ್ತಮೂರು ಎಂದು ಬರೆದರೆ ಅದು ಸತ್ಯ, ಮತ್ತು ಆ ಸತ್ಯ ಅವಳ ಇಬ್ಬರು ಗೆಳೆಯರನ್ನು ಎರಡು ಬೇರೆ ಬೇರೆ ನರಕಗಳಿಗೆ ಕಳಿಸುತ್ತಿತ್ತು. ಗುರುವಾರ ಸಂಜೆ ಬಸ್ಸಿಗೆ ಕಾಯುತ್ತ ನಿಂತಾಗ ಅವಳಿಗೆ ಒಂದು ಸಣ್ಣ ವಿಷಯ ಹೊಳೆಯಿತು. ಹದಿನಾಲ್ಕು ತಲೆ, ಇಪ್ಪತ್ತನಾಲ್ಕು ಬುರುಡೆ, ಒಟ್ಟು ಮೂವತ್ತೆಂಟು. ಪ್ರತಿ ಬುರುಡೆಗೂ ನೆಲಮಾಳಿಗೆಯಲ್ಲಿ ಒಬ್ಬ ಜೀವಂತ ಒಡೆಯನಿದ್ದ. ಪೆಟ್ಟಿಗೆಯ ಉತ್ತರ ಸರಿಯೇ ಇತ್ತು, ತಪ್ಪಿದ್ದದ್ದು ಪ್ರಶ್ನೆ.

ಶುಕ್ರವಾರ ಹನ್ನೊಂದಕ್ಕೆ ಸಭೆ, ಕಾವಲು ಗೋಪುರದಲ್ಲಿ. ಗಸ್ತೋನ್ ಏಣಿ ಹತ್ತುವಾಗ ಪ್ರತಿ ಸಲದಂತೆ ಪ್ಯಾಂಟು ಮೇಲೆಳೆದುಕೊಂಡ. ಫೆದೆರಿಕಾ ಆಗಲೇ ಮೇಲಿದ್ದಳು. ತೊಂಬತ್ತರ ಸುದ್ದಿ ಅವಳಿಗೆ ಮುಟ್ಟಿತ್ತು, ಉಳಿದ ಮಹಡಿಗಳ ನಕ್ಷೆ ಸುರುಳಿ ಸುತ್ತಿ ತಂದಿದ್ದಳು. ಎರಡನೇ ಮಹಡಿ ಕಾಡಾಗಲಿತ್ತು.

"ಹೇಳಿ ನಿಬಿಯಾ, ಆ ಸುಂದರವಾದ ಸಂಖ್ಯೆ ಹೇಳಿ," ಎಂದ ಗಸ್ತೋನ್.

"ಆಸನ ತುಂಬಿರೋದು ಶೇಕಡಾ ತೊಂಬತ್ತು ಗಸ್ತೋನ್. ಮನುಷ್ಯರಿಂದ ತುಂಬಿರೋದು ಮೂವತ್ತಮೂರು."

"ಉಳಿದಿದ್ದು?"

"ಮಾಟೆ."

ಕೆಳಗೆ ಹಕ್ಕಿ ಕೂಗಿತು. ನಿಬಿಯಾ ಚೌಕ, ಸರಾಸರಿ, ಹನ್ನೆರಡು ನಿಮಿಷ ಎಲ್ಲವನ್ನೂ ಬಿಡಿಸಿ ಹೇಳಿದಳು. ಫೆದೆರಿಕಾ ನಕ್ಷೆಯ ಸುರುಳಿಯನ್ನು ಇನ್ನೂ ಬಿಗಿಯಾಗಿ ಸುತ್ತತೊಡಗಿದಳು. ಗಸ್ತೋನನ ಕುತ್ತಿಗೆ ಕೆಂಪಾಯಿತು.

"ಅಂದ್ರೆ ಮೂರು ತಿಂಗಳಿಂದ ನಾನು ಆಡಳಿತ ಮಂಡಳಿಗೆ ಹೋಗಿ ಹೊಗಳ್ಕೊಂಡಿದ್ದು ಸೋರೆಕಾಯಿಗಳನ್ನಾ? ಮುಗೀತು. ಐವತ್ತಕ್ಕಿಂತ ಕಡಿಮೆ. ಬಾಗಿಲು ಹಾಕಿ."

"ಒಂದ್ನಿಮಿಷ. ನೀವು ಪ್ರಯೋಗ ಮಾಡಿದ್ದು ಜನ ಕಚೇರಿಗೆ ಬರ್ತಾರೋ ಇಲ್ವೋ ಅಂತ ತಿಳ್ಕೊಳ್ಳೋಕೆ ಅಲ್ವಾ? ಬರ್ತಾರೆ. ಮೂವತ್ತೆಂಟು ಜನ ದಿನಾ ಬರ್ತಾರೆ. ಈಗಲೂ ಇದೇ ಕಟ್ಟಡದಲ್ಲಿದ್ದಾರೆ."

"ಎಲ್ಲಿ?"

"ನಿಮ್ಮ ಕಾಲಿನ ಕೆಳಗೆ. ಸ್ವಲ್ಪ ಜಾಸ್ತಿ ಕೆಳಗೆ."

ಮೂವರೂ ಕೆಳಗಿಳಿಯುವಾಗ ಮೆಟ್ಟಿಲಿನ ತಿರುವಿನಲ್ಲಿ ಎಲ್ಬಿಯೊ ಎದುರಾದ, ಎರಡು ಫ್ಲಾಸ್ಕಿನ ಸಮೇತ.

"ಎಲ್ಲಿಗೆ ಹೊರಟ್ರಿ ಬೆರೂತಿ?" ಎಂದು ಗುಡುಗಿದ ಗಸ್ತೋನ್.

ಎಲ್ಬಿಯೊ ನಿಬಿಯಾಳ ಮುಖ ನೋಡಿದ. ಅವಳು ತಲೆಯಾಡಿಸಿದಳು. "ಸಿಬ್ಬಂದಿಗೆ ನೀರು ಹಾಕೋಕೆ ಸರ್," ಎಂದ.

"ಬನ್ನಿ ನನ್ನ ಜೊತೆ!"

ಕಬ್ಬಿಣದ ಬಾಗಿಲು ತೆರೆದಾಗ ಇಪ್ಪತ್ತೆರಡು ಮುಖಗಳು ಇತ್ತ ತಿರುಗಿದವು. ಮಿರ್ತಾ ಮಾತ್ರ ಫೋನಿನಲ್ಲಿದ್ದಳು, ಬೆನ್ನು ಇತ್ತ ಕಡೆಗಿತ್ತು. "ಹೌದಪ್ಪಾ, ಈಗ ಬೀಚಲ್ಲಿಲ್ಲ. ಈಗ ಮನುಷ್ಯರ ಥರ ಕೂತಿದ್ದೀನಿ. ಹೇಳು, ಬಾಗಿಲು ಎಡಗಡೆದಾ ಬಲಗಡೆದಾ ಜಜ್ಜಿದ್ದು?"

ಗಸ್ತೋನ್ ಸಾಲುಗಳ ನಡುವೆ ನಡೆದ. ಒಬ್ಬನ ಮೇಜಿನ ಮೇಲೆ ತೀರಿದ ಕೆಲಸಗಳ ಕಡತ ಮೊಣಕೈ ಎತ್ತರಕ್ಕಿತ್ತು. ಇನ್ನೊಬ್ಬಳು ಹೆದರಿ ಬಿಸ್ಕೆಟ್ಟಿನ ಪೊಟ್ಟಣ ಮುಂದೆ ಚಾಚಿದಳು. ಅವನು ಯಾಂತ್ರಿಕವಾಗಿ ಒಂದು ತೆಗೆದುಕೊಂಡ. ಜುಲೈಯಿಂದ ದೂರುಗಳು ಇಷ್ಟು ಬೇಗ ಹೇಗೆ ತೀರುತ್ತಿವೆ ಎಂದು ಆಡಳಿತ ಮಂಡಳಿ ಕೇಳಿದ್ದಕ್ಕೆ ಅವನು ಅಲೆಗಳ ಸದ್ದಿನಿಂದ ಎಂದು ಉತ್ತರ ಕೊಟ್ಟಿದ್ದ. ಕೋಪ ಅವನ ಮುಖದಿಂದ ಇಳಿಯಿತು, ಅದರ ಜಾಗಕ್ಕೆ ಏನು ಬರಬೇಕೆಂದು ಗೊತ್ತಾಗದೆ ಮುಖ ಸ್ವಲ್ಪ ಹೊತ್ತು ಖಾಲಿಯಿತ್ತು.

"ಇದು... ಇದಕ್ಕೆ ಏನಂತಾರೆ?" ಎಂದು ಕೇಳಿದ.

ಇದಕ್ಕೆ ಕಚೇರಿ ಎನ್ನುತ್ತಾರೆ ಎಂದು ನಿಬಿಯಾ ಬಾಯಿ ತೆರೆಯುವಷ್ಟರಲ್ಲಿ ಫೆದೆರಿಕಾ ಮುಂದೆ ಬಂದಿದ್ದಳು. ಅವಳು ಬಿರುಕು ಮೇಜಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿಕೊಂಡಳು.

"ನೆಲೆ," ಎಂದಳು. "ಎರಡನೇ ಹಂತ. ಕಡಲತೀರ ಅನ್ನೋದು ಮೊದಲನೇ ಹಂತ ಅಷ್ಟೇ ಗಸ್ತೋನ್. ಜನರನ್ನ ಅಲೆದಾಡಿಸ್ಬೇಕು. ಅಲೆದಾಡಿ ಸಾಕಾದ ಮೇಲೆ ಅವರೇ ತಮ್ಮ ನೆಲೆ ಹುಡುಕ್ಕೊತಾರೆ. ಇದು ಒಳಗಿನಿಂದ ಹುಟ್ಟಿದ ವಿನ್ಯಾಸ. ನಾನು ಹೇಳಿ ಮಾಡಿಸೋಕೆ ಆಗ್ತಿರಲಿಲ್ಲ, ಕಾಯ್ಬೇಕಿತ್ತು. ಕಾದೆ."

"ಅಂದ್ರೆ ನಿಮಗೆ ಗೊತ್ತಿತ್ತಾ?"

"ಅನುಭವ," ಎಂದಳು ಫೆದೆರಿಕಾ.

ಗಸ್ತೋನ್ ಬಿಸ್ಕೆಟ್ಟು ಕಚ್ಚಿದ. ಮುಖಕ್ಕೆ ಮೆಲ್ಲಗೆ ಕಳೆ ಬಂತು. "ಒಬ್ಬೊಬ್ಬರಿಗೆ ಒಂದೊಂದು ಮೇಜು," ಎಂದ, ಹೊಸ ಖಂಡ ಕಂಡವನಂತೆ. "ಅವರವರದೇ. ದಿನಾ ಅದೇ."

"ಅರವತ್ತು ಜನರಿಗೆ ಅರವತ್ತು. ಈ ಊರಲ್ಲಿ ಈಗ ಯಾರೂ ಮಾಡ್ತಿಲ್ಲ," ಎಂದಳು ಫೆದೆರಿಕಾ.

"ಲಾರಿಯವನಿಗೆ ಬರ್ಬೇಡ ಅಂತ ಹೇಳಿ. ಇವನ್ನೆಲ್ಲ ಮೂರನೇ ಮಹಡಿಗೆ ಏರಿಸೋಣ. ಹೀಗೇ ಇರ್ಬೇಕು, ಒಂದು ಇಂಚೂ ಆಚೀಚೆ ಆಗ್ಬಾರ್ದು. ಆರ್ಕಿಟೆಕ್ಟ್ ಮೇಡಂ, ನೀವೇ ನಿಂತು ನೋಡ್ಕೊಳ್ಳಿ." ಅವನು ನಿಬಿಯಾಳ ಕಡೆ ತಿರುಗಿದ. "ವರದೀಲಿ ಸೇರ್ಸಿ. ನೆಲೆ, ಎರಡನೇ ಹಂತ, ವಿನ್ಯಾಸ ಫೆದೆರಿಕಾ ಲಾನ್ಸಾ. ಇಲ್ಲಿ ಎಷ್ಟು ಜನ?"

"ಇಪ್ಪತ್ತನಾಲ್ಕು," ಎಂದಳು ನಿಬಿಯಾ. ಅವಳ ಕಿವಿ ಬಿಸಿಯಾಗಿತ್ತು. ಇಪ್ಪತ್ತೆರಡು ವರ್ಷ ಅವಳು ತಪ್ಪು ಅಂಕಿಯನ್ನು ಕಣ್ಣೆದುರು ಹಾದುಹೋಗಲು ಬಿಟ್ಟವಳಲ್ಲ, ಮತ್ತು ಇದು ಅಂಕಿಗಿಂತ ದೊಡ್ಡ ತಪ್ಪು. "ಆದ್ರೆ ಗಸ್ತೋನ್, ವಿನ್ಯಾಸದ ವಿಷಯ ಸ್ವಲ್ಪ ಸ್ಪಷ್ಟ ಮಾಡ್ಬೇಕು. ಈ ಮೇಜುಗಳನ್ನ ಇಲ್ಲಿ ಜೋಡಿಸಿದ್ದು—"

ಅವಳ ಕೈಗೆ ಏನೋ ಬೆಚ್ಚನೆಯದು ಬಂತು. ಎಲ್ಬಿಯೊ ಅವಳ ಕುರ್ಚಿಯನ್ನು ಹಿಂದಕ್ಕೆಳೆದು, ಬುರುಡೆ ತುಂಬಿಸಿ, ಕೊಳವೆಯ ತುದಿಯನ್ನು ಅವಳ ಕಡೆಗೇ ತಿರುಗಿಸಿ ಕೊಟ್ಟಿದ್ದ.

"—ಜೋಡಿಸಿದ್ದು ಯಾರು ಅಂದ್ರೆ—"

"ಕುಡಿಯೇ ಮಾರಾಯ್ತಿ," ಎಂದಳು ಮಿರ್ತಾ, ಫೋನನ್ನು ಅಂಗೈಯಿಂದ ಮುಚ್ಚಿಕೊಂಡು. "ಅದು ಮೈಕ್ ಅಲ್ಲ."

ಮಾಟೆ ಕೈಯಲ್ಲಿ ಹಿಡಿದು ಮಾತಾಡುತ್ತ ಸರದಿ ತಡೆಯುವವರಿಗೆ ಈ ಊರಿನಲ್ಲಿ ಯಾರು ಬೇಕಾದರೂ ಆ ಮಾತು ಹೇಳಬಹುದು, ಯಾರೂ ಬೇಸರಪಡುವಂತಿಲ್ಲ. ಗಸ್ತೋನ್ ಕೂಡ ನಕ್ಕ. ಇಡೀ ನೆಲಮಾಳಿಗೆ ಅವಳ ಬಾಯನ್ನೇ ನೋಡುತ್ತಿತ್ತು. ನಿಬಿಯಾ ಫೆದೆರಿಕಾಳನ್ನು ನೋಡಿದಳು. ಅವಳು ನಕ್ಷೆಯ ಸುರುಳಿಯನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದಳು.

ನಿಬಿಯಾ ಕೂತಳು. ಕುರ್ಚಿ ಗಟ್ಟಿಯಾಗಿತ್ತು, ಮಂಡಿ ಇರಬೇಕಾದ ಕಡೆ ಇತ್ತು. ಕೊಳವೆಗೆ ಬಾಯಿ ಹಚ್ಚಿ, ತಳದಲ್ಲಿ ಗೊರಗೊರ ಸದ್ದು ಬರುವವರೆಗೆ ನಿಧಾನವಾಗಿ ಹೀರಿದಳು. ಆಮೇಲೆ ಬುರುಡೆಯನ್ನು ಎಲ್ಬಿಯೊನಿಗೆ ಮರಳಿಸಿ, ವರದಿಯ ಹಾಳೆಯನ್ನು ಮೇಜಿನ ಮೇಲೆ ನೇರ ಮಾಡಿಕೊಂಡು, ವಿನ್ಯಾಸ ಮಾಡಿದವರ ಹೆಸರಿನ ಜಾಗದಲ್ಲಿ ಫೆದೆರಿಕಾ ಲಾನ್ಸಾ ಎಂದು ಬರೆದಳು. ಅಕ್ಷರ ಒಂದೂ ತಪ್ಪಾಗಲಿಲ್ಲ.